ಲೈಂಗಿಕ ದೌರ್ಜನ್ಯದ ದೂರು: ಕಾಸರಗೋಡಿನ ಕನ್ನಡಿಗರಿಗೆ ಠಾಣೆಯಿಂದ ತೀರ್ಪಿನವರೆಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ‘ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಂಡರು, ನಮಗೆ ಓದಲು ಬಾರದು, ಸಹಿ ಹಾಕಿ ಬಂದೆವು. ಈಗೇನು ಮಾಡುವುದು?’ ‘ಘಟನೆ ನಡೆದದ್ದು ಮಂಗಳೂರಿನಲ್ಲಿ, ಮನೆ ಉಪ್ಪಳದಲ್ಲಿ. ದೂರು ಎಲ್ಲಿ ಕೊಡಬೇಕು?’ ‘ವಕೀಲರನ್ನು ಇಡುವ ಶಕ್ತಿ ಇಲ್ಲ.’ ದೌರ್ಜನ್ಯಕ್ಕೆ ಒಳಗಾದವರಿಗೂ ಅವರ ಜೊತೆ ಠಾಣೆಯ ಮೆಟ್ಟಿಲು ಹತ್ತುವ ಅಮ್ಮ, ಅಕ್ಕ, ಗೆಳತಿಗೂ ಒಟ್ಟಾಗಿ ಈ ಉತ್ತರ.

ಮೊದಲು ಕಾನೂನಿನ ಹೆಸರುಗಳು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿವೆ. ಯಾವುದು ಅಪರಾಧ, ಎಷ್ಟು ಶಿಕ್ಷೆ ಎಂಬುದು ಮೊದಲನೆಯದರಲ್ಲಿದೆ. ಪೊಲೀಸರು ಮತ್ತು ನ್ಯಾಯಾಲಯ ಹೇಗೆ ನಡೆದುಕೊಳ್ಳಬೇಕು ಎಂಬುದು ಎರಡನೆಯದರಲ್ಲಿ. ಇಲ್ಲಿ ಅವನ್ನು ನ್ಯಾಯ ಸಂಹಿತೆ, ಸುರಕ್ಷಾ ಸಂಹಿತೆ ಎಂದಷ್ಟೇ ಕರೆಯುತ್ತೇನೆ. ಘಟನೆ ಆ ದಿನಕ್ಕಿಂತ ಹಿಂದಿನದಾದರೆ ಐಪಿಸಿ ಕಲಂಗಳೇ ಅನ್ವಯಿಸುತ್ತವೆ. ‘ಹಳೇ ಕಾನೂನು ಹೋಯಿತು, ಇನ್ನು ಕೇಸು ನಿಲ್ಲದು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹದಿನೆಂಟು ತುಂಬದವರಿಗೆ, ಹುಡುಗನಿರಲಿ ಹುಡುಗಿಯಿರಲಿ, 2012ರ ಪೋಕ್ಸೋ ಕಾಯ್ದೆ ಇದೆ. ಅದರಡಿ ದೂರು ಕೊಡುವುದು ಬಿಡುವುದು ಮನೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ. ವಿಷಯ ತಿಳಿದವರು ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ.

1. ಮೊದಲು ಆಸ್ಪತ್ರೆ

ಠಾಣೆಗೆ ಹೋಗಿಯೇ ಆಸ್ಪತ್ರೆಗೆ ಹೋಗಬೇಕೆಂಬ ನಿಯಮವಿಲ್ಲ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ನೇರವಾಗಿ ಹೋಗಿ. ಗಡಿ ದಾಟಿ ಮಂಗಳೂರಿಗೆ ಹೋದರೂ ಅಡ್ಡಿಯಿಲ್ಲ. ಸರಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು; ಇದು ಸುರಕ್ಷಾ ಸಂಹಿತೆಯ 397ನೇ ಕಲಂ. ‘ಪೊಲೀಸ್ ಪತ್ರ ತನ್ನಿ’ ಎಂದು ಹಿಂದಕ್ಕೆ ಕಳುಹಿಸಿದರೆ ಅದಕ್ಕೆ ಶಿಕ್ಷೆ ಇದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಹೊಣೆ.

ಆದಷ್ಟು ಬೇಗ, ಮೂರು ದಿನ ಮೀರದಂತೆ ಹೋಗುವುದು ಮುಖ್ಯ. ದೇಹದಲ್ಲಿ ಸಿಗುವ ಸಾಕ್ಷ್ಯ 72 ಗಂಟೆಗಳ ನಂತರ ಬಹಳ ಕಡಿಮೆಯಾಗುತ್ತದೆ. ಎಚ್‌ಐವಿ ತಡೆಯುವ ಔಷಧವನ್ನೂ ಅಷ್ಟರೊಳಗೇ ಶುರುಮಾಡಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ಬೇಗ ನುಂಗಿದಷ್ಟೂ ಒಳ್ಳೆಯದು. ಇವೆರಡನ್ನೂ ವೈದ್ಯರು ತಾವಾಗಿ ಕೊಡದಿದ್ದರೆ ಕೇಳಿ ಪಡೆಯಿರಿ. ಮುಂದೆ ಗರ್ಭ ನಿಂತದ್ದು ಗೊತ್ತಾದರೆ, 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರ ಸಂತ್ರಸ್ತೆಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ.

ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಹೋಗುವುದು ಒಳ್ಳೆಯದು. ಸ್ನಾನ ಆಗಿಹೋಗಿದ್ದರೂ ಹೋಗಿ. ಎಲ್ಲವೂ ತೊಳೆದುಹೋಯಿತು ಎಂದುಕೊಂಡು ಮನೆಯಲ್ಲೇ ಉಳಿಯಬೇಡಿ. ಬಟ್ಟೆ ಬದಲಿಸಿದ್ದರೆ, ಆ ಹೊತ್ತಿನಲ್ಲಿ ಉಟ್ಟದ್ದನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒದ್ದೆಯಾಗಿಯೇ ಇರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಕಲೆಯ ಗುರುತೇ ಕೆಡುತ್ತದೆ. ಮನೆಯೊಳಗೆ ನೆರಳಿನಲ್ಲಿ ಆರಲು ಬಿಟ್ಟು, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿ.

ಪರೀಕ್ಷೆ ನಿಮ್ಮ ಒಪ್ಪಿಗೆಯಿಂದಲೇ ನಡೆಯಬೇಕು. ಒಂದು ಭಾಗಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಎನ್ನಬಹುದು. ಬೇಡ ಎಂದಿರೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ‘ಎರಡು ಬೆರಳಿನ ಪರೀಕ್ಷೆ’ ನಿಷಿದ್ಧ. ಹಾಗೆ ಮಾಡುವ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ವೈದ್ಯಕೀಯ ವರದಿ ಏಳು ದಿನಗಳೊಳಗೆ ತನಿಖಾಧಿಕಾರಿಯ ಕೈ ಸೇರಬೇಕು.

2. ದೂರು ಎಲ್ಲಿ?

ಯಾವ ಠಾಣೆಯಲ್ಲಾದರೂ. ಘಟನೆ ಎಲ್ಲೇ ನಡೆದಿದ್ದರೂ ಹತ್ತಿರದ ಠಾಣೆ ದೂರು ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಇದನ್ನು ‘ಜೀರೋ ಎಫ್‌ಐಆರ್’ ಎನ್ನುತ್ತಾರೆ. ಗಡಿಯಲ್ಲಿರುವ ನಮಗೆ ಇದಕ್ಕಿಂತ ಉಪಯುಕ್ತವಾದ ನಿಯಮ ಬೇರೊಂದಿಲ್ಲ. ಮಂಗಳೂರಿನ ಹಾಸ್ಟೆಲಿನಲ್ಲಿ ನಡೆದದ್ದಕ್ಕೆ ಮಂಜೇಶ್ವರ ಠಾಣೆಯಲ್ಲಿ ದೂರು ಕೊಡಬಹುದು. ಬದಿಯಡ್ಕದ ಘಟನೆಗೆ, ಚಿಕಿತ್ಸೆಗೆಂದು ಹೋದ ಮಂಗಳೂರಿನಲ್ಲೇ ದೂರು ಕೊಡಬಹುದು. ‘ಅದು ಕರ್ನಾಟಕದ ಕೇಸು, ತಲಪಾಡಿಯಾಚೆ ಹೋಗಿ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ತನಿಖೆಯೂ ವಿಚಾರಣೆಯೂ ಕೊನೆಗೆ ನಡೆಯುವುದು ಘಟನೆ ನಡೆದ ಜಾಗದ ವ್ಯಾಪ್ತಿಯಲ್ಲೇ. ಹಾಗಾಗಿ ವರ್ಗಾವಣೆಯಾದ ಠಾಣೆಯ ಹೆಸರು ಮತ್ತು ಹೊಸ ಅಪರಾಧ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಎರಡು ರಾಜ್ಯಗಳ ಠಾಣೆಗಳ ನಡುವೆ ಕಡತ ಓಡಾಡುವಾಗ ಆ ಸಂಖ್ಯೆಯೇ ನಿಮ್ಮ ಹಿಡಿತ.

ಇಮೇಲ್ ಮೂಲಕವೂ ದೂರು ಕಳುಹಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ.

ಒಂದು, ರಶೀದಿಯನ್ನೇ ಎಫ್‌ಐಆರ್ ಎಂದುಕೊಳ್ಳುವುದು. ಅರ್ಜಿ ಸ್ವೀಕರಿಸಿದ ಚೀಟಿ ಕೊಟ್ಟು ‘ವಿಚಾರಿಸುತ್ತೇವೆ’ ಎಂದರೆ ಕೇಸು ದಾಖಲಾಗಿಲ್ಲ ಎಂದೇ ಅರ್ಥ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿಯಿಂದ, 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಅಲ್ಲಿ ಈ ನೆಪ ನಡೆಯುವುದಿಲ್ಲ. ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಲೈಂಗಿಕ ಅಪರಾಧಗಳ ಎಫ್‌ಐಆರನ್ನು ಅಂತರ್ಜಾಲಕ್ಕೆ ಏರಿಸುವುದಿಲ್ಲವಾದ್ದರಿಂದ ಕೈಯಲ್ಲೇ ಪಡೆಯಿರಿ.

ಎರಡು, ‘ಮಹಿಳಾ ಪೊಲೀಸ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು ಎಂಬುದು ನಿಜ. ಆದರೆ ಅವರನ್ನು ಕರೆಸುವುದು ಠಾಣೆಯ ಕೆಲಸ. ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಕಠಿಣ ಸಜೆ ಇದೆ. ಈ ಕಲಂ ಸಂಖ್ಯೆಯನ್ನು ಮೆಲುದನಿಯಲ್ಲಿ ಹೇಳಿದರೂ ಸಾಕು, ಕೆಲವೊಮ್ಮೆ ಕಾಗದ, ಪೆನ್ನು ತಾನಾಗಿ ಹೊರಬರುತ್ತದೆ. ಬಾರದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ದೂರು ಕಳುಹಿಸಿ, ರಶೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.

ಮೂರು, ತಡವಾಯಿತೆಂದು ಸುಮ್ಮನಾಗುವುದು. ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ. ತಡವಾದದ್ದರಿಂದಲೇ ದೂರು ಸುಳ್ಳಾಗದು ಎಂದು ಸುಪ್ರೀಂ ಕೋರ್ಟ್ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ಆದರೆ ಏಕೆ ತಡವಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ. ಬೆದರಿಕೆ, ಮರ್ಯಾದೆಯ ಭಯ, ಗಂಡ ಕೊಲ್ಲಿಯಲ್ಲಿದ್ದದ್ದು, ಏನಿದೆಯೋ ಅದನ್ನು ಇದ್ದ ಹಾಗೆ.

3. ಹೇಳಿಕೆ: ಇಲ್ಲಿ ಅವಸರ ಬೇಡ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದಿರಲಿ. ನೀವು ಹೇಳಿದ್ದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ, ಬರೆದದ್ದು ಮಲಯಾಳದಲ್ಲಿ, ಎರಡು ವರ್ಷದ ನಂತರ ಆರೋಪಿಯ ವಕೀಲರು ಓದುವುದು ಅದರ ಇಂಗ್ಲಿಷ್ ಅನುವಾದ. ‘ಆಗ ಹೀಗೆ ಹೇಳಿದ್ದಿರಿ, ಈಗ ಹಾಗೆ ಹೇಳುತ್ತಿದ್ದೀರಿ’ ಎಂಬ ಪಾಟೀಸವಾಲಿನ ಬಹುಪಾಲು ಬಲ ಹುಟ್ಟುವುದು ಈ ಸಂದುಗಳಲ್ಲೇ.

ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಬೇಕು, ನಂತರವೇ ಸಹಿ. ಅರ್ಥವಾಗದ ಭಾಷೆಯಲ್ಲಿ ಗಡಗಡನೆ ಓದಿದರೆ ಓದಿ ಹೇಳಿದಂತಾಗಲಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಮನೆಯಲ್ಲೇ ಕುಳಿತು ದೂರನ್ನು ಕನ್ನಡದಲ್ಲಿ ಬರೆದು, ಪುಟಪುಟಕ್ಕೂ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಂಡು ಹೋಗುವುದು. ಆ ಕನ್ನಡ ದೂರನ್ನೇ ಮೂಲವಾಗಿ ಎಫ್‌ಐಆರ್‌ಗೆ ಲಗತ್ತಿಸಲು ಹೇಳಿ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು ಎನ್ನುತ್ತದೆ. ಸೈನ್‌ಬೋರ್ಡಿನ ಕನ್ನಡಕ್ಕಾಗಿ ನಾವು ನಡೆಸಿದ ಹೋರಾಟದಲ್ಲಿ ಅರ್ಧದಷ್ಟಾದರೂ ಇದಕ್ಕಾಗಿ ನಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ದುಭಾಷಿಯ ನೆರವು ಪಡೆದರೆ ಅವರ ಹೆಸರು ಹೇಳಿಕೆಯಲ್ಲೇ ಬರಲಿ. ಆರೋಪಿಯ ಕಡೆಯವರೋ ನಿಮ್ಮದೇ ಓಣಿಯವರೋ ಆಗಿದ್ದರೆ ಬೇಡ ಎನ್ನಿ. ಮನೆಮಾತು ತುಳು, ಬ್ಯಾರಿ, ಕೊಂಕಣಿಯಾಗಿದ್ದರೆ ಆ ಮಾತಿನಲ್ಲೇ ಹೇಳಿ, ಸಂಕೋಚದಿಂದ ಪುಸ್ತಕದ ಕನ್ನಡ ಹುಡುಕಬೇಡಿ. ಪೋಕ್ಸೋದಲ್ಲಂತೂ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕರನ್ನು ಒದಗಿಸಲೇಬೇಕು ಎಂದು 19ನೇ ಕಲಂ ಹೇಳುತ್ತದೆ.

ಇನ್ನು ಏನನ್ನು ಹೇಳಬೇಕು? ನಾಚಿಕೆಯಿಂದ ನಾವು ‘ಕೆಟ್ಟದಾಗಿ ನಡೆದುಕೊಂಡ’, ‘ಮೈಮೇಲೆ ಕೈ ಹಾಕಿದ’ ಎನ್ನುತ್ತೇವೆ. ಬರೆಯುವವರು ಅದನ್ನು ‘ಕಯರಿ ಪಿಡಿಚ್ಚು’ ಎಂದು ಬರೆಯುತ್ತಾರೆ, ಅಂದರೆ ಮೇಲೆರಗಿ ಹಿಡಿದ ಎಂದಷ್ಟೇ. ಅದು ನ್ಯಾಯ ಸಂಹಿತೆಯ 74ನೇ ಕಲಂ, ಒಂದರಿಂದ ಐದು ವರ್ಷದ ಶಿಕ್ಷೆ. ನಡೆದದ್ದು 63ನೇ ಕಲಂ ಹೇಳುವ ಅತ್ಯಾಚಾರವಾಗಿದ್ದರೆ ಆ ಒಂದು ಮುಸುಕಿನ ಮಾತಿನಿಂದ ಇಡೀ ಪ್ರಕರಣ ಕೆಳಗಿಳಿಯುತ್ತದೆ. ದೇಹದ ಯಾವ ಭಾಗ, ಅವನು ಏನು ಮಾಡಿದ, ನೀವು ಹೇಗೆ ಬೇಡವೆಂದಿರಿ, ಇಷ್ಟನ್ನು ನೇರ ಮಾತಿನಲ್ಲಿ ಹೇಳಿ. ಪ್ರತಿಭಟಿಸಲು ಆಗಲಿಲ್ಲವೆಂದರೆ ಹಾಗೆಂದೇ ಹೇಳಿ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದಷ್ಟೇ ಒಪ್ಪಿಗೆಯಾಗುವುದಿಲ್ಲ ಎಂದು ಅದೇ ಕಲಂ ಹೇಳುತ್ತದೆ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ. ಗಂಟೆ, ತಾರೀಕು ಊಹಿಸಿ ತುಂಬಿಸಬೇಡಿ. ‘ಸಂಜೆ, ದೀಪ ಹಚ್ಚುವ ಹೊತ್ತು’ ಎಂದರೆ ಸಾಕು.

ಈ ಹೇಳಿಕೆಯನ್ನು ನಿಮ್ಮ ಮನೆಯಲ್ಲೋ ನೀವು ಹೇಳುವ ಜಾಗದಲ್ಲೋ, ಹೆತ್ತವರು, ಹತ್ತಿರದ ಬಂಧುಗಳು ಅಥವಾ ಸಮಾಜ ಕಾರ್ಯಕರ್ತೆಯ ಎದುರು ಪಡೆಯಬೇಕು. ಸಾಕ್ಷಿಯಾಗಿ ಹೆಂಗಸನ್ನು ಠಾಣೆಗೆ ಕರೆಸುವಂತಿಲ್ಲ. ಇನ್ನೊಂದು ಸೂಕ್ಷ್ಮ: ಮೊದಲ ದೂರಿಗೆ ನಿಮ್ಮ ಸಹಿ ಬೇಕು, ಆದರೆ ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಕೇಳಿದರೆ ಹಾಕಬೇಡಿ. ಖಾಲಿ ಕಾಗದಕ್ಕಂತೂ ಯಾವ ಕಾರಣಕ್ಕೂ ಬೇಡ.

ಆಗಲೇ ಓದದೆ ಸಹಿ ಹಾಕಿದ್ದೀರಾ? ಪ್ರತಿ ಪಡೆದು, ಮಲಯಾಳ ಬಲ್ಲ ನಂಬಿಕಸ್ಥರಿಂದ ಓದಿಸಿಕೊಳ್ಳಿ. ತಪ್ಪೇನಿದೆ ಎಂದು ಪಟ್ಟಿ ಮಾಡಿ, ಪೂರಕ ಹೇಳಿಕೆ ಪಡೆಯುವಂತೆ ತನಿಖಾಧಿಕಾರಿಗೆ ಕನ್ನಡದಲ್ಲೇ ಪತ್ರ ಬರೆಯಿರಿ. ಇನ್ನೊಂದು ಪ್ರತಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಹೋಗಲಿ. ಇದನ್ನು ಈಗಲೇ ಮಾಡಬೇಕು. ಸಾಕ್ಷಿಕಟ್ಟೆಯಲ್ಲಿ ನಿಂತು ‘ನಾನು ಹಾಗೆ ಹೇಳಿರಲಿಲ್ಲ’ ಎಂದರೆ ತೂಕ ಬಹಳ ಕಡಿಮೆ.

ಠಾಣೆಯಲ್ಲಿ ಕಿವಿಗೆ ಬೀಳುವ ಕೆಲವು ಮಲಯಾಳ ಪದಗಳು: ಪರಾತಿ ಎಂದರೆ ದೂರು, ಮೊಳಿ ಎಂದರೆ ಹೇಳಿಕೆ, ರಹಸ್ಯಮೊಳಿ ಎಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ, ಕುಟ್ಟಪತ್ರಂ ಎಂದರೆ ಆರೋಪಪಟ್ಟಿ.

4. ಮ್ಯಾಜಿಸ್ಟ್ರೇಟ್ ಮುಂದೆ

ಸುರಕ್ಷಾ ಸಂಹಿತೆಯ 183ನೇ ಕಲಂ ಪ್ರಕಾರ ನಿಮ್ಮ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೂ ದಾಖಲಿಸುತ್ತಾರೆ. ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟ್. ಇಲ್ಲದಿದ್ದರೆ ಒಬ್ಬ ಮಹಿಳೆಯ ಉಪಸ್ಥಿತಿಯಲ್ಲಿ. ಇಲ್ಲಿ ಪೊಲೀಸರು ಇರುವುದಿಲ್ಲ, ಧೈರ್ಯವಾಗಿ ಮಾತಾಡಬಹುದು. ‘ನನಗೆ ಮಲಯಾಳ ಓದಲು ಬಾರದು, ಕನ್ನಡದಲ್ಲಿ ಹೇಳುತ್ತೇನೆ’ ಎಂಬುದೇ ನಿಮ್ಮ ಮೊದಲ ವಾಕ್ಯವಾಗಲಿ. ಠಾಣೆಯ ಹೇಳಿಕೆಯಲ್ಲಿ ಬಿಟ್ಟುಹೋದದ್ದು ಇದ್ದರೆ ಇಲ್ಲೇ ಹೇಳಿ, ಏಕೆ ಬಿಟ್ಟುಹೋಯಿತು ಎಂಬುದನ್ನೂ ಸೇರಿಸಿ. ಆರೋಪಪಟ್ಟಿ ಸಲ್ಲಿಕೆಯಾಗುವವರೆಗೆ ಇದರ ಪ್ರತಿ ತನಿಖಾಧಿಕಾರಿಯ ಹೊರತು ಯಾರಿಗೂ ಸಿಗುವುದಿಲ್ಲ.

5. ತನಿಖೆ, ಜಾಮೀನು, ‘ಮಾತಾಡಿ ಮುಗಿಸೋಣ’ ಎನ್ನುವವರು

ಅತ್ಯಾಚಾರ ಪ್ರಕರಣದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ಎಲ್ಲಿಗೆ ಬಂತೆಂದು 90 ದಿನಗಳೊಳಗೆ ನಿಮಗೆ ತಿಳಿಸಬೇಕು. ಮೊಬೈಲಿನಲ್ಲಿರುವ ಸಂದೇಶ, ಕರೆಯ ವಿವರ ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಹಳೆಯ ಫೋನ್ ಮಾರಿಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ನ್ಯಾಯಾಲಯಕ್ಕೆ ಮೂಲ ಸಾಧನ ಬೇಕಾಗಬಹುದು. ಚಿತ್ರ ಹರಿಬಿಡುವ ಬೆದರಿಕೆ ಇದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆರೋಪಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿಗೆ, ವಿದ್ಯಾನಗರದ ಜಿಲ್ಲಾ ನ್ಯಾಯಾಲಯಕ್ಕೋ ಎರ್ನಾಕುಳದ ಹೈಕೋರ್ಟಿಗೋ ಹೋಗುತ್ತಾನೆ. ಅಲ್ಲಿ ನಿಮ್ಮ ಮಾತನ್ನೂ ಹೇಳುವ ಹಕ್ಕು ನಿಮಗಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಬೆದರಿಕೆ ಬಂದಿದ್ದರೆ ಆ ಸಂದರ್ಭದಲ್ಲೇ ತಿಳಿಸಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

ಜಾಮೀನಿಗಿಂತ ದೊಡ್ಡ ಅಪಾಯ ಮನೆಯ ಚಾವಡಿಯಲ್ಲಿದೆ. ಊರಿನ ಹಿರಿಯರು, ಪಕ್ಷದವರು, ಎರಡೂ ಕಡೆಗೆ ಬೇಕಾದವರು ಬಂದು ಕೂರುತ್ತಾರೆ. ಹಣ, ಮದುವೆ, ಕ್ಷಮೆ ಎಂಬ ಮಾತು ಬರುತ್ತದೆ. ಅತ್ಯಾಚಾರ ರಾಜಿ ಮಾಡಿಕೊಳ್ಳಬಹುದಾದ ಅಪರಾಧವೇ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು ಮದನ್‌ಲಾಲ್ ಪ್ರಕರಣದಲ್ಲಿ 2015ರಲ್ಲಿ ಹೇಳಿತು, ನ್ಯಾಯಾಧೀಶರೂ ಮದುವೆ, ರಾಜಿ ಸೂಚಿಸಬಾರದೆಂದು 2021ರಲ್ಲಿ ಹೇಳಿತು. ಚಾವಡಿಯಲ್ಲಿ ಬರೆಸಿಕೊಂಡ ಮುದ್ರಾಂಕ ಪತ್ರದಿಂದ ಕೇಸು ಮುಗಿಯುವುದಿಲ್ಲ, ನಿಮ್ಮ ಸಾಕ್ಷ್ಯ ಮಾತ್ರ ಕೆಡುತ್ತದೆ. ಕಾನತ್ತೂರಿನ ದೈವಗಳ ಮುಂದೆ ಅಹವಾಲು ಇಡುವವರೂ ಇದ್ದಾರೆ. ಆ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ; ಅಲ್ಲಿಗೆ ಹೋಗುವ ಮೊದಲು ಠಾಣೆಯ ಕೆಲಸ ಮುಗಿದಿರಲಿ.

ಗುರುತು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗಿನ ಶಿಕ್ಷೆಗೆ ಅರ್ಹ. ಹೆಸರು ಬಿಟ್ಟರೆ ಸಾಕೆಂದು ಕೆಲವರು ತಿಳಿದಿದ್ದಾರೆ. ನಮ್ಮಲ್ಲಿ ಮನೆ ಹೆಸರು, ತಂದೆಯ ಉದ್ಯೋಗ ಹಾಕಿದರೆ ಇಡೀ ಪಂಚಾಯತ್ತಿಗೆ ಗೊತ್ತಾಗುತ್ತದೆ, ಅದೂ ಬಹಿರಂಗವೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ಉಳಿಸಿಟ್ಟುಕೊಂಡು ತನಿಖಾಧಿಕಾರಿಗೆ ಕೊಡಿ.

6. ವಕೀಲರು ಮತ್ತು ಪರಿಹಾರ

ಸರಕಾರದ ಪರವಾಗಿ ಪ್ರಕರಣ ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಅವರಿಗೆ ನೀವು ದುಡ್ಡು ಕೊಡುವಂತಿಲ್ಲ. ಅವರಿಗೆ ನೆರವಾಗಲು ನಿಮ್ಮ ವಕೀಲರನ್ನೂ ಇಟ್ಟುಕೊಳ್ಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಕನ್ನಡ ಬಲ್ಲ ವಕೀಲರೇ ಬೇಕೆಂದು ಅರ್ಜಿಯಲ್ಲೇ ಬರೆಯಿರಿ.

ಪರಿಹಾರದ ಅರ್ಜಿಯೂ ಅಲ್ಲೇ. ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಮಧ್ಯಂತರ ಪರಿಹಾರಕ್ಕೂ ಅವಕಾಶವಿದೆ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಸರಕಾರದ ಈ ಹಣ ಪಡೆದರೆ ಕೇಸು ದುರ್ಬಲವಾಗುತ್ತದೆ ಎಂಬುದು ಬರೀ ಸುಳ್ಳು. ಕೊರಗ, ಮಾವಿಲ, ಮರಾಟಿಯಂಥ ಪರಿಶಿಷ್ಟ ಸಮುದಾಯದವರಾಗಿದ್ದು, ಆರೋಪಿ ಪರಿಶಿಷ್ಟರಲ್ಲದವನಾದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಲಂಗಳನ್ನೂ ಸೇರಿಸಲು ಹೇಳಿ. ಆಗ ತನಿಖೆ ಡಿವೈಎಸ್‌ಪಿ ಮಟ್ಟದವರಿಂದ ನಡೆಯುತ್ತದೆ, ಪರಿಹಾರವೂ ಬೇರೆ ಇದೆ.

7. ನ್ಯಾಯಾಲಯ

ಆರೋಪಪಟ್ಟಿಯಿಂದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಎಂದು ಕಾನೂನು ಹೇಳುತ್ತದೆ. ಆ ಲೆಕ್ಕ ನಂಬಿ ಕೆಲಸ ಬಿಟ್ಟು ಕೂರಬೇಡಿ. ಕಾಸರಗೋಡು, ಹೊಸದುರ್ಗದಲ್ಲಿ ತ್ವರಿತ ವಿಶೇಷ ನ್ಯಾಯಾಲಯಗಳಿದ್ದರೂ ದಿನಾಂಕ ಮುಂದೆ ಹೋಗುತ್ತದೆ.

ಸಮನ್ಸ್ ಬಂದಾಗ ಸಾಕ್ಷ್ಯದ ದಿನಕ್ಕೆ ಮೊದಲೇ ಪ್ರಾಸಿಕ್ಯೂಟರನ್ನು ಕಂಡು, ನಿಮ್ಮ ಹಳೆಯ ಹೇಳಿಕೆಗಳನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಇದು ಕಲಿಸಿಕೊಟ್ಟ ಸಾಕ್ಷ್ಯವಾಗುವುದಿಲ್ಲ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ. ಆರೋಪಿಯ ಮುಖ ಕಾಣದಂತೆ ಪರದೆ ಬೇಕೆಂದು ಕೇಳಬಹುದು. ‘ಸಾಕ್ಷಿ’ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನಿಂದ ಬಂದ ಸೌಲಭ್ಯ ಇದು.

ಭಾಷೆಯ ವಿಷಯ ಇಲ್ಲೂ ಇದೆ. ನ್ಯಾಯಾಲಯದ ಭಾಷೆಯಲ್ಲದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು, ಇಲ್ಲದಿದ್ದರೆ ನಿಖರ ಅನುವಾದ ಬೇಕು ಎನ್ನುತ್ತದೆ ಸುರಕ್ಷಾ ಸಂಹಿತೆಯ 312ನೇ ಕಲಂ. ಬರೆದದ್ದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎನ್ನುತ್ತದೆ 313. ತಿಳಿಸದೆ ಸಹಿಗೆ ಕೊಟ್ಟರೆ ನ್ಯಾಯಾಧೀಶರಿಗೇ ಹೇಳಿ.

ಪಾಟೀಸವಾಲಿನಲ್ಲಿ ನಿಮ್ಮ ಹಿಂದಿನ ಸಂಬಂಧಗಳ ಬಗ್ಗೆ, ‘ನಡತೆ’ಯ ಬಗ್ಗೆ ಪ್ರಶ್ನೆ ಕೇಳುವಂತಿಲ್ಲ. ಪ್ರಶ್ನೆ ಮಲಯಾಳದಲ್ಲಿ ಬಂದರೆ, ಅರ್ಧ ಅರ್ಥವಾದರೂ, ಕನ್ನಡದಲ್ಲಿ ಕೇಳಿಸಿಕೊಂಡೇ ಉತ್ತರಿಸಿ. ಬಸ್ಸು, ಅಂಗಡಿಗಳಲ್ಲಿ ಮಲಯಾಳ ಮಾತಾಡುತ್ತೀರಿ ಎಂಬುದು ಬೇರೆ, ಸಾಕ್ಷಿಕಟ್ಟೆ ಬೇರೆ. ಎರಡು ಪ್ರಶ್ನೆಗಳನ್ನು ಒಂದರಲ್ಲಿ ಹೆಣೆದು ‘ಹೌದೋ ಅಲ್ಲವೋ’ ಎಂದರೆ ಬಿಡಿಸಿ ಕೇಳಲು ಹೇಳಿ. ಅಳು ಬಂದರೆ ನೀರು ಕೇಳಿ, ಸ್ವಲ್ಪ ಹೊತ್ತು ಬಿಡುವು ಕೇಳಿ, ಕೊಡುತ್ತಾರೆ.

8. ತೀರ್ಪಿನ ನಂತರ

ಆರೋಪಿ ಬಿಡುಗಡೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ ಅಥವಾ ಪರಿಹಾರ ಸಾಲದಿದ್ದರೆ, ಸರಕಾರ ಮೇಲ್ಮನವಿಗೆ ಹೋಗದಿದ್ದರೂ ನೀವೇ ಹೋಗಬಹುದು (ಸುರಕ್ಷಾ ಸಂಹಿತೆ, 413ನೇ ಕಲಂ). ಎರ್ನಾಕುಳದಲ್ಲೂ ಉಚಿತ ವಕೀಲರು ಸಿಗುತ್ತಾರೆ; ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ತೀರ್ಪಿನ ಪ್ರಮಾಣೀಕೃತ ಪ್ರತಿಗೆ ಅದೇ ದಿನ ಅರ್ಜಿ ಹಾಕಿ, ಏಕೆಂದರೆ ಮೇಲ್ಮನವಿಯ ಗಡುವು ತೀರ್ಪಿನ ದಿನದಿಂದಲೇ ಓಡತೊಡಗುತ್ತದೆ.